ಮಾವ ಬಂದಿದ್ದಾನೆ ಎಂಬ ವಾಕ್ಯ

ಚಲೇಜಾವ್ ಚಳವಳಿಯ ವರ್ಷ ನಾನು ಹಾನಗಲ್ಲಿನಲ್ಲಿ ಮ್ಯಾಟ್ರಿಕ್ಕಿಗೆ ಓದುತ್ತಿದ್ದೆ. ತರಗತಿಯಲ್ಲಿ ಹುಡುಗಿಯರು ಇಬ್ಬರೇ, ನಾನು ಮತ್ತು ಮಾಮಲೇದಾರ ಕಚೇರಿಯ ಕಾರಕೂನರ ಮಗಳು. ಮಾಸ್ತರರ ಮೇಜಿಗೆ ತಗಲುವಷ್ಟು ಹತ್ತಿರ ನಮ್ಮ ಬೆಂಚು. ದಸರೆ ಮುಗಿದ ಮೇಲೆ ನಮಗೆ ಹೊಸ ಇಂಗ್ಲಿಷ್ ಮಾಸ್ತರರು ಬಂದರು. ಧಾರವಾಡದವರು ಎಂಬುದರ ಹೊರತು ಅವರ ವಿಷಯ ಯಾರಿಗೂ ಏನೂ ಗೊತ್ತಿರಲಿಲ್ಲ. ನಡುವರ್ಷದಲ್ಲಿ ಯಾಕೆ ಬಂದರು, ಹಿಂದಿನವರನ್ನು ಯಾಕೆ ಕಳಿಸಿದರು, ಯಾರೂ ಹೇಳಲಿಲ್ಲ.

ಪರೀಕ್ಷೆಗೆ ಮೊದಲು ಹಳೆಯ ಪಾಠವನ್ನೆಲ್ಲ ಮತ್ತೊಮ್ಮೆ ತಿರುವಿಹಾಕಿಸುತ್ತೇನೆಂದು ಅವರು ಮುಂಜಾನೆ ಏಳಕ್ಕೇ ನಮ್ಮನ್ನು ಕೂಡಿಸುತ್ತಿದ್ದರು. ಒಂದು ದಿನ ವ್ಯಾಕರಣ, ಒಂದು ದಿನ ಓದು, ಶನಿವಾರ ಪ್ರಬಂಧ. ಓದಲಿಕ್ಕೆ ಪುಸ್ತಕದ ಬದಲು ಎರಡು ದಿನ ಹಳತಾದ ಮುಂಬಯಿಯ ಇಂಗ್ಲಿಷ್ ಪತ್ರಿಕೆ ತರುತ್ತಿದ್ದರು. ಒಬ್ಬೊಬ್ಬರನ್ನೇ ಎಬ್ಬಿಸಿ ಸುದ್ದಿ ಓದಿಸುವರು. ಚಳವಳಿಗಾರರು ಎಲ್ಲೋ ಟೆಲಿಗ್ರಾಫ್ ತಂತಿ ಕಡಿದ ಸುದ್ದಿ ಬಂದಾಗ ಅವರು ಪತ್ರಿಕೆ ನೋಡದೆ ನಮ್ಮ ಮುಖಗಳನ್ನು ನೋಡುತ್ತಾರೆಂದು ಹಿಂದಿನ ಬೆಂಚಿನವರು ಕಂಡುಹಿಡಿದರು. ಅವರು ಫೌಜದಾರನ ಜೊತೆ ಹೋಟೆಲಿನಲ್ಲಿ ಚಹಾ ಕುಡಿದದ್ದನ್ನು ಮತ್ತೊಬ್ಬ ನೋಡಿ ಬಂದ. ಅಲ್ಲಿಗೆ ಅವರು ಪೊಲೀಸರ ಕಡೆಯವರೆಂದು ನಮಗೆ ಖಾತ್ರಿಯಾಯಿತು.

ನನಗೆ ಎಲ್ಲರಿಗಿಂತ ಹೆಚ್ಚು ಭಯ. ಯಲವಿಗಿ ನಿಲ್ದಾಣದ ಹತ್ತಿರ ತಂತಿ ಕಡಿದವರಲ್ಲಿ ನನ್ನ ಸೋದರಮಾವನೂ ಒಬ್ಬ. ಹನ್ನೆರಡು ದಿನಗಳಿಂದ ಅವನು ನಮ್ಮ ಮನೆಯ ಅಟ್ಟದ ಮೇಲೆ, ಭತ್ತದ ಚೀಲಗಳ ಹಿಂದೆ ಇದ್ದ. ಅವ್ವ ಅವನಿಗೆ ರೊಟ್ಟಿ ಒಯ್ಯುವಾಗ ತಲೆಯ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಏರುತ್ತಿದ್ದಳು, ಏನೋ ಇಳಿಸಲು ಹೋದವಳಂತೆ.

ಆ ಶನಿವಾರ ಮಾಸ್ತರರು ಕೊಟ್ಟ ಪ್ರಬಂಧದ ವಿಷಯ: ನಮ್ಮ ಮನೆಗೆ ಬಂದ ಅತಿಥಿ. ಎಲ್ಲರೂ ಸುಳ್ಳೇ ಬರೆಯಬೇಕೆಂದು ಬಿಡುವಿನಲ್ಲಿ ಗೊತ್ತು ಮಾಡಿಕೊಂಡೆವು. ಕಾರಕೂನರ ಮಗಳು ಹಿರೇಕೆರೂರಿನಿಂದ ಇಲ್ಲದ ಅಜ್ಜಿಯೊಬ್ಬಳನ್ನು ಕರೆತಂದಳು. ನಾನೂ ಇಂಥವರನ್ನೇ ಯಾರನ್ನಾದರೂ ಹುಟ್ಟಿಸಬಹುದಿತ್ತು. ಆದರೆ ಪೆನ್ನು ಹಿಡಿದಾಗ ಬೇರೆ ಯಾರೂ ಹೊಳೆಯಲಿಲ್ಲ. ಚಿಕ್ಕಂದಿನಲ್ಲಿ ಮಾವ ದೀಪಾವಳಿಗೆ ಬಂದದ್ದು, ನನಗೆ ಬಳೆ ತಂದದ್ದು ಬರೆದೆ. ಹಳೆಯ ಸಂಗತಿ, ಇದರಲ್ಲಿ ಸಿಗುವುದೇನು ಎಂದುಕೊಂಡೆ.

ಸೋಮವಾರ ಮಾಸ್ತರರು ನನ್ನನ್ನು ಮೇಜಿನ ಹತ್ತಿರ ಕರೆದರು. ನನ್ನ ಪ್ರಬಂಧದಲ್ಲಿ 'ಮಾವ ಬಂದಿದ್ದಾನೆ' ಎಂಬ ಮೊದಲ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದಿದ್ದರು.

"ಇಲ್ಲಿ 'ಹ್ಯಾಜ್ ಕಮ್' ಅಂತ ಬರದೀ. ಹಂಗ ಬರದ್ರ ಬಂದಾಂವ ಇನ್ನೂ ಮನ್ಯಾಗ ಅದಾನಂತ ಅರ್ಥ ಆಕ್ಕೈತಿ. ಬಂದು ಹೋಗಿದ್ರ 'ಕೇಮ್' ಅನಬೇಕು." ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನಿಮ್ಮ ಮಾವ ಹೋಗ್ಯಾನೋ, ಅದಾನೋ?"

"ಹೋಗ್ಯಾರ್ರಿ," ಎಂದೆ.

"ಹಂಗಾರ ತಿದ್ದಿ ಬರಿ. ಈ ಹಾಳಿ ನನಗ ಇರಲಿ."

ಅವರು ಹಾಳೆಯನ್ನು ನೀಟಾಗಿ ಹರಿದು ಕೋಟಿನ ಒಳಕಿಸೆಯಲ್ಲಿ ಇಟ್ಟುಕೊಂಡರು.

ಮನೆಗೆ ಓಡಿ ಅವ್ವನಿಗೆ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ; ಕೈಯಲ್ಲಿದ್ದ ಹಿಟ್ಟನ್ನು ತೊಳೆಯದೆ ಹಾಗೇ ಅಪ್ಪನ ಅಂಗಡಿಗೆ ನಡೆದಳು. ಅಂದೇ ಮಧ್ಯಾಹ್ನ, ಸಂತೆಯ ಗದ್ದಲದಲ್ಲಿ, ಮಾವ ತಲೆಗೆ ರುಮಾಲು ಸುತ್ತಿ ಚಕ್ಕಡಿ ಹೊಡೆಯುವವನಾಗಿ ಊರು ಬಿಟ್ಟ. ಸವಣೂರಿನಲ್ಲಿ ಅಪ್ಪನ ಗೆಳೆಯರಾದ ಮುಸಲ್ಮಾನ ವೀಳ್ಯದೆಲೆ ವ್ಯಾಪಾರಿಯೊಬ್ಬರ ಮನೆ ಇತ್ತು. ಯಾಕೆ, ಎಷ್ಟು ದಿನ ಎಂದು ಏನೂ ಕೇಳದೆ ಅವರು ಅವನನ್ನು ಒಳಗೆ ಕರೆದುಕೊಂಡರು.

ಮೂರನೆಯ ದಿನ ಫೌಜದಾರ ನಾಲ್ವರು ಸಿಪಾಯಿಗಳೊಡನೆ ಬಂದ. ನೇರವಾಗಿ ಅಟ್ಟ ಏರಿದ. ಭತ್ತದ ಚೀಲಗಳನ್ನೆಲ್ಲ ಕೆಡವಿಸಿದ, ಏನೂ ಸಿಗಲಿಲ್ಲ.

ಮರುದಿನ ಮಾಸ್ತರರು ಬರುವ ಮೊದಲೇ ನಾನು ತರಗತಿಯವರಿಗೆ ಎಲ್ಲ ಹೇಳಿಬಿಟ್ಟೆ. ಹೇಳಬಾರದಿತ್ತೆಂದು ಈಗ ಅನಿಸುತ್ತದೆ. ಆಗ ಹೆಮ್ಮೆಯೇ ಆಗಿತ್ತು. ಅಂದಿನಿಂದ ಆ ಮಾಸ್ತರರಿಗೆ ಯಾರೂ ಉತ್ತರ ಕೊಡಲಿಲ್ಲ. ಅವರು ಪ್ರಶ್ನೆ ಕೇಳುವರು, ನಾವು ನೆಲ ನೋಡುವೆವು. ಅವರೇ ಉತ್ತರ ಹೇಳುವರು. ಅದೇ ನಿಯಮವನ್ನು ಮೂರು ಬಗೆಯಿಂದ, ನಾಲ್ಕು ಬಗೆಯಿಂದ ಹಲಗೆಯ ಮೇಲೆ ಬರೆಯುವರು. ಸೀಮೆಸುಣ್ಣದ ಪುಡಿ ಅವರ ಕರಿ ಕೋಟಿನ ತೋಳಿನ ತುಂಬ. ಕೊನೆಯ ದಿನ ಎಲ್ಲರೂ ಚಲೋ ಬರೆಯಿರಿ ಎಂದರು. ಯಾರೂ ನಮಸ್ಕಾರ ಮಾಡದೆ ಎದ್ದು ಹೊರಬಿದ್ದೆವು. ಇಂಗ್ಲಿಷಿನಲ್ಲಿ ನಾವು ಯಾರೂ ಫೇಲಾಗಲಿಲ್ಲ.

ಮಾವ ಆಮೇಲೆ ಶಿಗ್ಗಾವಿಯಲ್ಲಿ ಸಿಕ್ಕುಬಿದ್ದು, ಒಂದೂವರೆ ವರ್ಷ ಒಳಗಿದ್ದು ಬಂದ. ಬಂದ ದಿನ ನಾನು ಮಾಸ್ತರರ ದ್ರೋಹದ ಕಥೆ ತೆಗೆದೆ. ಅವನು ಊಟ ಮಾಡುತ್ತಿದ್ದವನು ಕೈ ನಿಲ್ಲಿಸಿದ.

"ಮಾಸ್ತರ ಅಲ್ಲವ್ವಾ, ಸುಳಿವು ಕೊಟ್ಟಾಂವ ನಾನ. ಅಟ್ಟದ ಮ್ಯಾಲ ಕುಂತು ಬ್ಯಾಸರಾಗಿ ಹಾವೇರಿ ಗೆಳ್ಯಾಗ ಒಂದು ಕಾರ್ಡು ಬರದಿದ್ದೆ. ರಾತ್ರಿ ನಾನ ಇಳದು ಹೋಗಿ ಟಪಾಲ ಡಬ್ಬಿಗೆ ಹಾಕಿ ಬಂದೆ, ನಿಮ್ಮವ್ವಗೂ ಹೇಳಿರಲಿಲ್ಲ. ಅದು ಫೌಜದಾರನ ಕೈಗೆ ಸಿಕ್ಕಿತ್ತು. ನನ್ನ ಹಿಡದ ಮ್ಯಾಲ ಮುಂದನ ಇಟ್ಟು ತೋರಿಸಿದ್ರು."

ಮುಂದೆ ನಾನೇ ಮಾಸ್ತರಿಕೆಯ ತರಬೇತಿಗೆಂದು ಧಾರವಾಡಕ್ಕೆ ಹೋದೆ. ಆ ಇಂಗ್ಲಿಷ್ ಮಾಸ್ತರರ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಹೋಗುವುದು ಕಷ್ಟವಾಯಿತು. ಕೊನೆಗೊಂದು ಭಾನುವಾರ ಹೋದೆ. ಅವರು ಶಾಲೆ ಬಿಟ್ಟು ಒಂದು ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದರು. ಹಾನಗಲ್ಲು ಎಂದೊಡನೆ ಅವರ ಮುಖ ಸಣ್ಣದಾಯಿತು.

ಆ ಹಾಳೆಯನ್ನು ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದೆ. ಅವರಿಗೆ ಹಾಳೆಯೇ ನೆನಪಿರಲಿಲ್ಲ. ಹುಡುಗರು ಮಾಡುವ ತಪ್ಪುಗಳನ್ನು ಮುಂದಿನ ವರ್ಷದ ಪಾಠಕ್ಕೆಂದು ಕೂಡಿಡುವ ರೂಢಿ ಇತ್ತು, ಹಾಗೆ ಇಟ್ಟುಕೊಂಡಿದ್ದೇನು ಎಂದರು. ಆಗ ನಾನು ಅಟ್ಟದಿಂದ ಹಿಡಿದು ಎಲ್ಲ ಹೇಳಿದೆ.

"ನನ್ನ ಪಾಠ ನಿಮಗ ತಿಳಿಯಾಕತ್ತಿಲ್ಲ ಅಂತ ಮಾಡಿದ್ದೆ," ಎಂದರು. "ಇಪ್ಪತ್ತೆಂಟು ಮಂದ್ಯಾಗ ಒಬ್ರೂ ಬಾಯಿ ಬಿಡೂದಿಲ್ಲಂದ್ರ ಮಾಸ್ತರಂದ ತಪ್ಪಿರತೈತಿ ಅನಕೊಂಡು ಶಾಲಿ ಬಿಟ್ಟುಬಿಟ್ಟೆ."

ಫೌಜದಾರನೊಡನೆ ಚಹಾ ಕುಡಿದದ್ದರ ಬಗ್ಗೆ ಕೇಳಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಅಷ್ಟಾದ ಮೇಲೂ ಆ ಸಂಶಯ ನನ್ನಲ್ಲಿ ಉಳಿದಿತ್ತೆಂಬುದು ನಾಚಿಕೆಯ ಮಾತು. ಕೇಳಲಿಲ್ಲ. ಮಾವ ಆರಾಮ ಇದ್ದಾನೆಯೇ ಎಂದು ಅವರೇ ವಿಚಾರಿಸಿದರು. ಆರಾಮ ಇದ್ದಾರೆ ಎಂದೆ. ಒಳಗಿನಿಂದ ಅವರ ಹೆಂಡತಿ ತಟ್ಟೆಯಲ್ಲಿ ಅವಲಕ್ಕಿ ತಂದಿಟ್ಟರು. ತಿನ್ನು ತಂಗಿ ಎಂದು ಮಾಸ್ತರರು ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.