ಸಿಟ್ಟು ಬಾರದ ಸರ್ವರ್

ತಡಿ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೊಲಿಗೆ ಮಷೀನ್ ರಿಪೇರಿ ಮಾಡುವ ನನ್ನ ಗೆಳೆಯ ಅವನು. ಏನು ಕೇಳಿದರೂ ಮೊದಲು "ತಡಿ" ಅನ್ನುತ್ತಾನೆ, ಹೆಸರೂ ಅದೇ ಆಗಿಹೋಯಿತು. ನನ್ನ ಕೋಪವನ್ನೇ ಅವನು ಅಳತೆಪಟ್ಟಿ ಮಾಡಿಕೊಂಡ, ಅದೂ ನನಗೆ ಹೇಳದೆ.

ಸ್ಟುಡಿಯೋ ಮುಚ್ಚಿದ ಫೋಟೋ ಅಣ್ಣ ನಮ್ಮಿಬ್ಬರಿಗೂ ಹಿರಿಯ. ಊರಿನ ಅರ್ಧ ಜನ ಅವನ ಕ್ಯಾಮೆರಾ ಮುಂದೆ ನಿಂತವರು. ಅಷ್ಟೂ ಚಿತ್ರ ಒಂದೇ ಹಾರ್ಡ್ ಡಿಸ್ಕಿನಲ್ಲಿ. ಅದು ಟಿಕ್ ಟಿಕ್ ಅನ್ನತೊಡಗಿತು. ತಡಿ ಅದನ್ನು ಒಂದು ದಿನ ಇಟ್ಟುಕೊಂಡು, ಕಿವಿಗೊಟ್ಟು ಕೇಳಿ, ವಾಪಸ್ ಕೊಟ್ಟ. "ಹೆಚ್ಚು ದಿನ ಬಾಳಲ್ಲ ಅಣ್ಣ. ಮೂವರೂ ಸೇರಿ ಒಂದು ಸರ್ವರ್ ಇಡೋಣ. ಮೂರು ಮನೆ ಫೋಟೋನೂ ಆ ಒಂದು ಕಂಪ್ಯೂಟರಲ್ಲೇ ಇರಲಿ, ಮೊಬೈಲಲ್ಲಿ ನೋಡ್ಕೋಬಹುದು" ಅಂದ.

ನಾನು ವೆಲ್ಡಿಂಗ್ ಕೆಲಸದವನು. ಕೂತು ಯೋಚಿಸುವ ಆಸಾಮಿಯಲ್ಲ. ಬಣ್ಣದ ದೀಪ ಮಿನುಗುವ ದೊಡ್ಡ ಕಂಪ್ಯೂಟರ್ ಒಂದನ್ನು ಅವತ್ತೇ ನೋಡಿಟ್ಟೆ.

"ಹಗಲೂ ರಾತ್ರಿ ಓಡೋದು ಕಣೋ ಇದು. ನಿನ್ನ ದೀಪಗಳ ಕರೆಂಟ್ ಬಿಲ್ಲು ನಿಮ್ಮಪ್ಪ ಕಟ್ತಾನಾ? ತಡಿ."

ಯಾವುದೋ ಆಫೀಸಿನವರು ಮಾರಿದ, ಊಟದ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರ್ ತಂದ. ಸದ್ದೇ ಇಲ್ಲ.

"ಸತ್ತಿದೆಯೇನೋ?"

"ನಿನ್ನ ಹಾಗೆ ಕೂಗಾಡಲ್ಲ, ಅಷ್ಟೇ."

ಅದಕ್ಕೆ ಬೇಕಾದ ಎರಡು ಹೊಸ ಡಿಸ್ಕು ಬರುವುದು ತಡವಾಯಿತು. ಅಷ್ಟರೊಳಗೆ ಸಾಫ್ಟ್‌ವೇರ್ ಆರಿಸಬೇಕಂತೆ. ತಡಿ ಒಂದನ್ನು ಹಾಕಿದ, ಮೊಬೈಲನ್ನು ನನ್ನ ಕೈಗೆ ಕೊಟ್ಟ, "ನಿನ್ನ ಮಗಳ ಫೋಟೋ ಸರ್ವರಿಗೆ ಏರಿಸು" ಅಂದ. ಅದು ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಕೇಳಿತು. ಬೈದೆ. ಅದನ್ನು ಅಳಿಸಿ ಇನ್ನೊಂದು ಹಾಕಿದ. ಅದರಲ್ಲಿ ಫೋಟೋ ಏರಿತು, ಎಲ್ಲಿಗೆ ಹೋಯಿತೋ ಕಾಣಲಿಲ್ಲ. ಬೆಂಚು ಗುದ್ದಿದೆ. ಅದನ್ನೂ ಅಳಿಸಿದ.

"ಅಲ್ಲಿ ಡಿಸ್ಕು ಸಾಯ್ತಾ ಇದೆ, ಇಲ್ಲಿ ನೀನು ಆಟ ಆಡ್ತಿದ್ದೀಯಾ?"

"ತಡಿ."

ಅಣ್ಣನಿಗೆ ಕೂತಲ್ಲಿ ಕೂರಲಾಗದು. ತಡಿಯ ಅಂಗಡಿ ಬಾಗಿಲಿಂದ ಬೀದಿಗೆ, ಬೀದಿಯಿಂದ ಬಾಗಿಲಿಗೆ. ಅವನನ್ನು ನೋಡಿದಾಗೆಲ್ಲ ತಡಿಗೆ ಇನ್ನಷ್ಟು ಬೈದೆ.

ಒಂದು ಸಂಜೆ ಆ ಡಿಸ್ಕು ಟಿಕ್ ಅನ್ನುವುದನ್ನೂ ನಿಲ್ಲಿಸಿತು. ಅಣ್ಣ ಅದನ್ನು ಟವೆಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ತಂದ. ನಾನು ಗಿರಾಕಿಗಳ ಎದುರೇ ಕೂಗಾಡಿದೆ: "ತಡಿ ತಡಿ ಅಂತಾನೇ ಕೊಂದೆಯಲ್ಲೋ ಪಾಪಿ!"

ನಾನು ಬೈದು ಮುಗಿಸಿದ ಮೇಲೆ ತಡಿ ಮೊಬೈಲ್ ಕೈಗಿಟ್ಟ. ಬೆರಳಿಟ್ಟೆ. ಚಿತ್ರಗಳು ಒಂದರ ಹಿಂದೊಂದು ಬಂದವು, ಅಣ್ಣ ತೆಗೆದವು. ನನ್ನ ಮದುವೆ, ಹೆಂಡತಿಯ ಆಗಿನ ಜಡೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಈ ಸಲ ನೀನು ಬೈಯಲಿಲ್ಲ. ಹಾಗಾದ್ರೆ ಈ ಸಾಫ್ಟ್‌ವೇರೇ ಇರಲಿ" ಅಂದ ತಡಿ.

ಅಣ್ಣ ಮೊಬೈಲಿನ ಮೇಲೆ ಬಗ್ಗಿ ನೋಡಿದ. "ಎಲ್ಲಿಂದ ಬಂತೋ ಇದು?"

"ಆ ಒಂದು ದಿನ ನನ್ನ ಹತ್ರ ಇತ್ತಲ್ಲ ಅಣ್ಣ, ಆಗಲೇ ನಕಲು ಮಾಡಿದೆ. ಬೇರೆ ಡಿಸ್ಕು ಇರಲಿಲ್ಲ, ನನ್ನ ಡಿಸ್ಕನ್ನೇ ಖಾಲಿ ಮಾಡಿ ಅದಕ್ಕೆ ಹಾಕಿದೆ."

"ಬಾಯಿಬಿಟ್ಟು ಹೇಳೋಕೇನಾಗಿತ್ತೋ ನಿನಗೆ?" ಅಂತ ನಾನು.

"ಫೋಟೋ ಭದ್ರ ಅಂತ ಹೇಳಿದ್ರೆ ನೀನು ಈ ಕಡೆ ತಲೆ ಹಾಕ್ತಿದ್ದೆಯಾ? ನಿನಗೇ ಸಿಟ್ಟು ಬರಿಸದ ಸಾಫ್ಟ್‌ವೇರ್ ಸಿಕ್ಕಿದ್ರೆ ಮೂರು ಮನೆಯವರೂ ಬಳಸ್ತಾರೆ."

ಇರಬಹುದು. ಆದರೆ ಅಷ್ಟು ದಿನ ಅಣ್ಣ ಆತಂಕದಲ್ಲಿ ಓಡಾಡಿ ಸವೆಸಿದ ಆ ಬಾಗಿಲ ಹೊಸ್ತಿಲು? ಅದಕ್ಕೇ ಈ ಸಿಟ್ಟು.

ಹೊಸ ಡಿಸ್ಕುಗಳು ಬಂದವು, ಸರ್ವರ್ ಓಡುತ್ತಿದೆ. ಒಂದು ದಿನ ಕೇಳಿದೆ, "ನಿನ್ನ ಡಿಸ್ಕು ಖಾಲಿ ಮಾಡಿದೆಯಲ್ಲ, ಅದರಲ್ಲಿ ಏನಿತ್ತೋ?"

ಅವನು ಮಷೀನಿಗೆ ಎಣ್ಣೆ ಬಿಡುತ್ತಿದ್ದ. ತಲೆ ಎತ್ತಲಿಲ್ಲ. "ತಡಿ, ಹೇಳ್ತೀನಿ."

ಇನ್ನೂ ಹೇಳಿಲ್ಲ. ಡಿಸ್ಕು ನಾನೂ ತಂದುಕೊಡಬಲ್ಲೆ. ಆದರೆ ನಮಗಾಗಿ ಅವನು ಅಳಿಸಿದ್ದು ಏನು ಅಂತಲೇ ತಿಳಿಯದೆ ಆ ಋಣ ಹೇಗೆ ತೀರಿಸಲಿ?