ಸಮುದ್ರರಾಜನಿಗೆ ನಮಸ್ಕಾರ

ಅಮೆರಿಕದ ಶುಗರ್ ಲ್ಯಾಂಡಿನ ವೈದ್ಯೆಯೊಬ್ಬಳು ಧಾರವಾಡದಿಂದ ಬಂದಿದ್ದ ತಾಯಿ ಗಂಗಾಬಾಯಿಯವರಿಗಾಗಿ ಹಡಗಿನ ವಿಹಾರಯಾನವೊಂದನ್ನು ಗೊತ್ತುಮಾಡಿದ್ದಳು. ತಾಯಿಗೋ ಕಡಲೆಂದರೆ ಭಯ. ಅದನ್ನು ಕಳೆಯಲೆಂದು ಅಂಥದೇ ಹಡಗಿನಲ್ಲಿ ನಡೆಯುವ ಹಳೆಯ ಬ್ರಿಟಿಷ್ ಹಾಸ್ಯಚಿತ್ರವೊಂದನ್ನು ಹಾಕಿ, ಮನೆಗೆ ಅತಿಥಿಯಾಗಿ ಬಂದಿದ್ದ ಇಂಗ್ಲಿಷ್ ಮಾಸ್ತರನಾದ ನನ್ನನ್ನು ಬೇಡಿಕೊಂಡಳು: “ಅಂಕಲ್, ಅವ್ವಗ ಕನ್ನಡದಾಗ ಹೇಳ್ರಿ. ಆಕಿ ಹ್ಞೂಂ ಅನ್ನೋ ಹಂಗ ಹೇಳ್ರಿ.”

ನನ್ನ ಅನುವಾದ ಸುಗಮವಾಗಿಯೇ ಸಾಗಿತ್ತು. ಅಷ್ಟರಲ್ಲಿ ಚಿತ್ರದೊಳಗಿನ ನಾವಿಕನೊಬ್ಬ ಹೊಟ್ಟೆ ತೊಳಸಿ ಹಡಗಿನ ಕಟಕಟೆಯ ಮೇಲೆ ಬಾಗಿದನು. ಸತ್ಯವನ್ನು ನುಡಿದರೆ ಯಾನವೇ ಕೆಡುತ್ತಿತ್ತು.

“ಸಮುದ್ರರಾಜನಿಗೆ ನಮಸ್ಕರಿಸುತ್ತಿದ್ದಾನೆ,” ಎಂದೆ.

“ನನಗೇನು ಕಣ್ಣಿಲ್ಲೇನ್ರಿ ಮಾಸ್ತರ? ಹಡಗಿನವರಿಗೇ ಹಿಂಗಾದ್ರ ನಮ್ಮ ಗತಿ ಏನು?” ಎಂದು ಗಂಗಾಬಾಯಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಮಗಳತ್ತ ತಿರುಗಿ ಕರಾರು ಹಾಕಿದರು: “ಆತು, ಬರ್ತೀನಿ. ಆದ್ರ ಸುಳ್ಳು ಹೇಳಿದ ಈ ಮಾಸ್ತರೂ ಬರಬೇಕು.”

ಯಾನದ ಎರಡನೆಯ ಮಧ್ಯಾಹ್ನ ಅಂಥದೇ ಕಟಕಟೆಯನ್ನು ನಾನು ಎರಡೂ ಕೈಗಳಿಂದ ಅಪ್ಪಿಕೊಂಡು ಬಾಗಿದ್ದೆ. ನಿಂಬೆಕಾಯಿ ಉಪ್ಪಿನಕಾಯಿಯ ಡಬ್ಬಿ ಹಿಡಿದು ಹಿಂದೆ ನಿಂತಿದ್ದ ಗಂಗಾಬಾಯಿ ಕೇಳಿದರು: “ನಮಸ್ಕಾರ ಮುಗೀತೇನ್ರಿ ಮಾಸ್ತರ?”

ಮೂಲಕ್ಕೆ ನಿಷ್ಠನಾಗದ ಅನುವಾದಕನಿಗೆ ಇದು ತಕ್ಕ ಪ್ರಾಯಶ್ಚಿತ್ತವೆಂದು ತಲೆಬಾಗಬೇಕೆನಿಸಿತು. ಆದರೆ ತಲೆ ಅದಾಗಲೇ ಬಾಗಿತ್ತು.