ಕುಂಕುಮವಿಲ್ಲದ ಚೆಕ್ಕು

ಕಳೆದ ಗುರುವಾರ ನಮ್ಮ ಮನೆಯ ಬಜೆಟ್ ಪಾಸಾಗಲಿಲ್ಲ.

ತಡೆದವರು ನಮ್ಮತ್ತೆ.

ನಮ್ಮವರು ಇಲ್ಲಿ ಅಡಿಲೇಡ್‌ನ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಸಂಬಳದ ಚೆಕ್ಕು ಬಂದ ದಿನ ಅದನ್ನು ದೇವರ ಮುಂದೆ ಇಡುತ್ತಾರೆ. ಅತ್ತೆ ಅದರ ಮೂಲೆಗೊಂದು ಬೊಟ್ಟು ಕುಂಕುಮ ಇಡುತ್ತಾರೆ. ಆಮೇಲೆ ಅದು ಬ್ಯಾಂಕಿಗೆ. (ಕೌಂಟರಿನ ಹುಡುಗಿ ಮೊದಲ ಸಲ ನೋಡಿ, ‘ಟೊಮ್ಯಾಟೊ ಸಾಸಾ ಡಾಕ್ಟರ್?’ ಎಂದಿದ್ದಳಂತೆ.) ಅತ್ತೆ ಮೈಸೂರಿನಿಂದ ಬಂದು ವರ್ಷವಾಯಿತು; ಮಾವ ಕೋರ್ಟು ಬಿಟ್ಟು ಬರಲೊಲ್ಲರು. ಇಷ್ಟು ದಿನದಲ್ಲಿ ಆ ಬೊಟ್ಟು ಒಮ್ಮೆಯೂ ತಪ್ಪಿರಲಿಲ್ಲ. ಕಾಫಿಗೆ ಸಕ್ಕರೆ ಹಾಕಿದಷ್ಟೇ ಸಹಜ. ಅದಕ್ಕೊಂದು ಅಧಿಕಾರವಿದೆ ಎಂದು ಯಾರಿಗೆ ಗೊತ್ತಿತ್ತು?

ಇದಕ್ಕೆಲ್ಲ ಮೂಲ ನನ್ನ ಹೊಟ್ಟೆಕಿಚ್ಚು. ಮುಚ್ಚಿಡುವುದೇನು?

ಬ್ರಿಸ್ಬೇನ್‌ನಲ್ಲಿ ನನ್ನ ಓರಗಿತ್ತಿ ಸುಮಾ ಇದ್ದಾಳೆ. ದಸರೆಗೆ ಅವಳೊಂದು ಫೋಟೋ ಕಳಿಸಿದಳು. ಕಪ್ಪು ಕನ್ನಡಕ, ಕೈಯಲ್ಲಿ ಕೀ, ಬೆನ್ನ ಹಿಂದೆ ತನ್ನದೇ ಕಾರು. ನಾನೋ, ತರಕಾರಿ ಚೀಲ ಹಿಡಿದು ಬಸ್ ಸ್ಟಾಪಿನಲ್ಲಿ ಮುಖದ ಮೇಲಿನ ನೊಣ ಓಡಿಸಿಕೊಂಡು ನಿಲ್ಲುವವಳು. ಫೋಟೋವನ್ನು ಶೋಕೇಸಿನಲ್ಲೇ ಇಟ್ಟೆ. ಬೋರಲಾಗಿ.

ಅವಳಿರುವ ರಾಜ್ಯದ ಶಾಸನಸಭೆಗೂ ಅವಳ ಹಾಗೇ ತಡೆಯುವವರಿಲ್ಲ, ನೋಡಿ. ಮೇಲ್ಮನೆಯೇ ಇಲ್ಲ. ಇರುವ ಒಂದು ಮನೆ ಬಜೆಟ್ ಒಪ್ಪಿತು, ಗವರ್ನರ್ ಸಹಿ ಹಾಕಿದರು, ಮುಗಿಯಿತು. ನಮ್ಮಲ್ಲೂ, ಅತ್ತ ಪರ್ತ್‌ನಲ್ಲೂ ಎರಡು ಮನೆ ದಾಟಿಯೇ ಗವರ್ನರ್ ಹತ್ತಿರ ಹೋಗಬೇಕು. ಸುಮಾಳ ಸಂಸಾರದಲ್ಲಂತೂ ಬೊಟ್ಟಿಡುವವರೂ ಇಲ್ಲ. ಎಂಥ ಸುಖ!

ಪಟ್ಟು ಹಿಡಿದು ಇವರನ್ನು ಒಪ್ಪಿಸಿದೆ. ಪಕ್ಕದ ಬೀದಿಯ ನರ್ಸ್ ಮಾರುತ್ತಿದ್ದ ಪುಟ್ಟ ಹಳದಿ ಕಾರು. ಎರಡೇ ಬಾಗಿಲು, ಮುದ್ದಾಗಿತ್ತು. ಅಡುಗೆಮನೆಯಲ್ಲೇ ಮಸೂದೆ ಪಾಸಾಯಿತು. ಅತ್ತೆ ಹಾಲ್‌ನಲ್ಲಿ ಹೂಬತ್ತಿ ಹೊಸೆಯುತ್ತಿದ್ದರು.

ಅಷ್ಟರಲ್ಲಿ ಮಂಗಳವಾರ ರಾಜಧಾನಿ ಕ್ಯಾನ್‌ಬೆರಾದಲ್ಲಿ ಆದದ್ದನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ. ದೇಶದ ಬಜೆಟ್ಟನ್ನು ಮೇಲ್ಮನೆ ವಾರಗಟ್ಟಲೆ ತಡೆದು ಕೂತಿತ್ತು. ರಾಣಿಯ ಹೆಸರಿನಲ್ಲಿ ಸಹಿ ಹಾಕುವ ಗವರ್ನರ್ ಜನರಲ್ ಪ್ರಧಾನಿಯನ್ನೇ ಮನೆಗೆ ಕಳಿಸಿಬಿಟ್ಟರು. ಆ ರಾತ್ರಿ ಅತ್ತೆ ಟಿ.ವಿ. ಮುಂದಿನಿಂದ ಕದಲಲಿಲ್ಲ. ಪಕ್ಕದಲ್ಲಿ ನನ್ನ ಮಗಳು.

“ಏನಂತೆ ಮರಿ?”

“ಹಿ ಸ್ಯಾಕ್ಡ್ ಹಿಮ್, ಅಜ್ಜಿ.”

“ಕೆಲಸದಿಂದ ತೆಗೆದುಬಿಟ್ರಂತೆ ಅತ್ತೆ,” ಎಂದೆ ನಾನು.

“ಬರೀ ರುಜು ಹಾಕೋನು ಅಂದಿದ್ದೆಯಲ್ಲೇ?”

“ಎಲ್ಲಾರೂ ಹಾಗೇ ಅಂದ್ಕೊಂಡಿದ್ರು.”

ಅತ್ತೆ ಬೊಟ್ಟಿಡುವ ತಮ್ಮ ಉಂಗುರದ ಬೆರಳು ನೋಡಿಕೊಂಡರು.

ಗುರುವಾರ ಚೆಕ್ಕು ಬಂತು. ದೀಪ ಹಚ್ಚಿಯಾಯಿತು. ಅತ್ತೆ ಕುಂಕುಮದ ಬಟ್ಟಲಿನ ಮುಚ್ಚಳ ತೆಗೆಯಲೇ ಇಲ್ಲ.

“ಅಮ್ಮ, ಬೊಟ್ಟು?” ಎಂದರು ಇವರು.

“ಇವತ್ತು ಬೇಡ. ಯೋಚನೆ ಮಾಡ್ಬೇಕು.”

ಎಂತೆಂಥ ಗಟ್ಟಿಗರನ್ನೋ ಸೂಜಿ ಚುಚ್ಚಿ ಮಲಗಿಸುವ ಮನುಷ್ಯನಿಗೆ ಬೊಟ್ಟಿಲ್ಲದ ಚೆಕ್ಕನ್ನು ಬ್ಯಾಂಕಿಗೆ ಒಯ್ಯುವ ಧೈರ್ಯವಿಲ್ಲ. ಅತ್ತ ನರ್ಸ್ ಫೋನ್ ಮಾಡಿ, ಶನಿವಾರದೊಳಗೆ ಹೇಳದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಳು. ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಕಣ್ಣ ಮುಂದೆ ಸುಮಾಳ ಕಪ್ಪು ಕನ್ನಡಕ.

ಶುಕ್ರವಾರ ಸಂಜೆ ಕಾಫಿ ಹಿಡಿದು ಅತ್ತೆಯ ಪಕ್ಕ ಕೂತೆ.

“ನಿಮಗೆ ಕಾರು ಬೇಡ್ವಾ ಅತ್ತೆ?”

“ಬೇಡ ಅಂದ್ನಾ? ಯಾರಾದ್ರೂ ನನ್ನ ಕೇಳಿದ್ರಾ?” ಲೋಟ ಕೆಳಗಿಟ್ಟರು. “ಹಿಂದೆ ಬಾಗಿಲೇ ಇಲ್ಲ ಅದಕ್ಕೆ. ಮುಂದಿನ ಸೀಟು ಮಡಚಿ, ಬಗ್ಗಿ ನುಸೀಬೇಕು. ಈ ಮಂಡಿ ಇಟ್ಕೊಂಡು ನಾನು ಹತ್ತೋದು ಹೇಗೆ? ಇಲ್ಲಾ, ನನ್ನ ಕರ್ಕೊಂಡು ಹೋಗೋ ಯೋಚನೇನೇ ಇರ್ಲಿಲ್ವೋ?”

ನಮ್ಮ ಮಸೂದೆಯಲ್ಲಿ ಅವರ ಮಂಡಿಯೇ ಇರಲಿಲ್ಲ.

ಹಳದಿ ಕಾರು ಬಿಟ್ಟೆವು. ಶನಿವಾರ ಅತ್ತೆಯನ್ನೇ ಕರೆದೊಯ್ದು, ಅವರು ಕೂತು ಎದ್ದು ನೋಡಿ, ಬೂದು ಬಣ್ಣದ ನಾಲ್ಕು ಬಾಗಿಲಿನ ಹಳೆಯದೊಂದನ್ನು ಗೊತ್ತು ಮಾಡಿದೆವು. ಮುದ್ದಾಗಿಲ್ಲ. ಚೆಕ್ಕಿಗೆ ಬೊಟ್ಟು ಬಿತ್ತು.

ಕ್ಯಾನ್‌ಬೆರಾದವರು ಮಾಡಿದ್ದು ಸರಿಯೇ? ಇಲ್ಲಿ ಅದಕ್ಕೆ ಬಸ್ಸಿನಲ್ಲೂ ಜಗಳ. ಖರ್ಚು ತೀರ್ಮಾನಿಸಬೇಕಾದವರು ಜನ ಆರಿಸಿದವರೇ, ನನಗೆ ಅನುಮಾನವಿಲ್ಲ. ಆದರೆ ಸಹಿ ಹಾಕುವ ಕೈಗೆ ಹಾಕದಿರಲೂ ಬರುತ್ತದೆ. ನಮ್ಮತ್ತೆ ತಡೆದರು, ಕಾರಣ ಹೇಳಿದರು. ಯಾರನ್ನೂ ಮನೆಗೆ ಕಳಿಸಲಿಲ್ಲ. ಅಷ್ಟು ವ್ಯತ್ಯಾಸ ಸಣ್ಣದೇ?

ಭಾನುವಾರ ಸುಮಾಗೆ ಫೋನ್ ಮಾಡಿದೆ. ಜಂಬ ಕೊಚ್ಚಲೆಂದೇ.

“ನನ್ನ ಕಾರು ಹೋಯ್ತು ಅಕ್ಕ,” ಎಂದಳು. “ನಿಮ್ಮ ಮೈದುನ ಅದನ್ನ ಮಾರಿ ದೋಣಿ ತಂದ್ಬಿಟ್ರು. ಬೆಳಗ್ಗೆ ಹೇಳಿದ್ರು, ಅರ್ವೊ ಹೊತ್ತಿಗೆ, ಅದೇ ಮಧ್ಯಾಹ್ನಾನೇ, ಮನೆ ಮುಂದೆ ನಿಂತಿತ್ತು. ನಂಗೆ ಈಜೂ ಬರಲ್ಲ.”

“ಬೇಡ ಅನ್ನಬಾರದಿತ್ತಾ?”

“ಅಂದೆ. ಕೇಳ್ಬೇಕಲ್ಲ? ತಡೀರಿ ಅಂತ ಹೇಳಿಸೋಕೆ ಈ ಮನೇಲಿ ಇನ್ಯಾರಿದ್ದಾರೆ? ನಿಮ್ಮನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅತ್ತೇನ ಆರು ತಿಂಗಳು ಇಲ್ಲಿಗೆ ಕಳಿಸ್ತೀರಾ?”

ಹಾಲ್‌ನಲ್ಲಿ ಅತ್ತೆ ತಲೆ ಎತ್ತಿದರು. “ಯಾರೇ, ಸುಮಾನಾ? ನನ್ನ ವಿಷಯ ಏನಾದ್ರೂ ಕೇಳಿದ್ಲಾ?”

“ಚೆನ್ನಾಗಿದ್ದೀರಾ ಅಂತ ಕೇಳ್ತಿದ್ದಾಳೆ ಅತ್ತೆ,” ಎಂದೆ. (ಅಷ್ಟೇ ಹೇಳಿದೆ.)

ನೀವೇ ಹೇಳಿ, ಗವರ್ನರನ್ನು ಯಾರಾದರೂ ಕೈಗಡ ಕೊಡುತ್ತಾರೆಯೇ?